ಮೇಸ್ತ್ರಿ ಇದ್ದಾರಲ್ಲ, ಎಂಜಿನಿಯರ್ ಯಾಕೆ ಬೇಕು?

ಪ್ರಶ್ನೆ: ನಾವು 30-40 ಸೈಟಿನಲ್ಲಿ ಎರಡು ಮಹಡಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾನ್ ಮಂಜೂರಾಗಿದೆ, ಪಾಯ ತೆಗೆಸಬೇಕು. ನಮ್ಮ ಮೇಸ್ತ್ರಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ, ನಮ್ಮ ಬೀದಿಯಲ್ಲೇ ಆರು ಮನೆ ಕಟ್ಟಿದ್ದಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ ಅಂತ ನೆಂಟರು ಹೇಳುತ್ತಾರೆ. ಮೇಸ್ತ್ರಿ "ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ನಮಗೆ ಮುಂದಿನ ಬಾಲ್ಕನಿ ಮಾತ್ರ ಸ್ವಲ್ಪ ದೊಡ್ಡದಾಗಿ, ಐದು ಅಡಿ ಇರಲಿ ಅಂತ ಆಸೆ. ಇಷ್ಟಕ್ಕೆ ಎಂಜಿನಿಯರ್ ಬೇಕಾ?

ಬೇಕು. ಯಾಕೆ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ, ಆ ಐದು ಅಡಿ ಬಾಲ್ಕನಿಯಲ್ಲಿ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಮೇಸ್ತ್ರಿಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ತೂಗುಗುಂಡು ಹಿಡಿದು ಗೋಡೆ ಏಳಿಸುವುದು, ರಸಮಟ್ಟ ಇಟ್ಟು ನೆಲ ನೋಡುವುದು, ಗಾರೆ ಎಷ್ಟು ಗಟ್ಟಿ ಇರಬೇಕು ಅಂತ ಕರಣೆಯಲ್ಲೇ ತಿಳಿಯುವುದು, ಇವೆಲ್ಲ ವರ್ಷಗಟ್ಟಲೆ ಕೈಯಲ್ಲಿ ಕೂತ ವಿದ್ಯೆ. ನಾನು ಸೈಟಿನಲ್ಲಿ ಕಲಿತ ಬಹಳಷ್ಟನ್ನು ಹೇಳಿಕೊಟ್ಟವರು ಮೇಸ್ತ್ರಿಗಳೇ. ಆದರೆ ಅವರ ಲೆಕ್ಕ ಹಿಂದಿನ ಮನೆಯಿಂದ ಬರುತ್ತದೆ. ಈ ಮನೆ ಹಿಂದಿನದರ ಹಾಗೇ ಇದ್ದರೆ ಆ ಲೆಕ್ಕ ನಡೆಯುತ್ತದೆ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ತಪ್ಪುತ್ತದೆ.

ಈಗ ಬಾಲ್ಕನಿಗೆ ಬರೋಣ.

ಒಂದು ಸೀಮೆಸುಣ್ಣವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿ. ಸುಲಭಕ್ಕೆ ಏನೂ ಆಗುವುದಿಲ್ಲ. ಅದನ್ನೇ ಎರಡು ತುದಿ ಹಿಡಿದು ಬಗ್ಗಿಸಿ. ಟಕ್ ಅಂತ ಮುರಿಯುತ್ತದೆ. ಕಾಂಕ್ರೀಟಿನ ಗುಣವೂ ಇದೇ. ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಹಾಗಾಗಿ ಎಳೆತ ಬರುವ ಕಡೆ ಕಂಬಿ ಇರಬೇಕು.

ಕೋಣೆಯ ಸ್ಲ್ಯಾಬು ಎರಡೂ ಕಡೆ ಗೋಡೆ ಅಥವಾ ಬೀಮಿನ ಮೇಲೆ ಕೂತಿರುತ್ತದೆ. ಭಾರ ಬಿದ್ದಾಗ ನಡುವೆ ಕೆಳಕ್ಕೆ ಜಗ್ಗುತ್ತದೆ. ಆಗ ಅದರ ತಳಭಾಗ ಹಿಗ್ಗುತ್ತದೆ. ಅದಕ್ಕೇ ನಡುವೆ ಮುಖ್ಯ ಕಂಬಿ ತಳದಲ್ಲಿರುತ್ತದೆ. ಬಾಲ್ಕನಿ ಹಾಗಲ್ಲ. ಒಂದು ಕಡೆ ಮಾತ್ರ ಹಿಡಿತ, ಇನ್ನೊಂದು ಕಡೆ ಗಾಳಿ. ನೀವು ಕೈ ಚಾಚಿ ಅದರ ತುದಿಗೆ ಬಿಂದಿಗೆ ತೂಗು ಹಾಕಿಕೊಂಡ ಹಾಗೆ. ಆಗ ಎಳೆತ ಬರುವುದು ಮೇಲ್ಭಾಗಕ್ಕೆ, ಅದೂ ಗೋಡೆಗೆ ಅಂಟಿದ ಜಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ಬಾಲ್ಕನಿಯ ಮುಖ್ಯ ಕಂಬಿ ಮೇಲೆ ಇರಬೇಕು. ಅಷ್ಟೇ ಅಲ್ಲ, ಅದು ಕೋಣೆಯ ಸ್ಲ್ಯಾಬಿನೊಳಗೂ ದೂರ ಓಡಬೇಕು. ಹೊರಗೆ ಚಾಚಿದ ಉದ್ದದ ಒಂದೂವರೆ ಪಟ್ಟು ಒಳಕ್ಕೆ ಬಿಡುವುದು ರೂಢಿ. ಐದು ಅಡಿ ಬಾಲ್ಕನಿಗೆ ಒಳಗೆ ಏಳೂವರೆ ಅಡಿ.

ಇದು ಒಳ್ಳೆಯ ಮೇಸ್ತ್ರಿಗೆ ಗೊತ್ತಿರುತ್ತದೆ. ಗೊತ್ತಿರದೆ ಇರುವುದು ಮುಂದಿನ ಲೆಕ್ಕ. ಚಾಚು ಉದ್ದವಾದ ಹಾಗೆ ಬಗ್ಗಿಸುವ ಬಲ ಉದ್ದದ ವರ್ಗದಷ್ಟು ಏರುತ್ತದೆ. ಮೂರು ಅಡಿಗೆ ಮೂರು ಮೂರಲಿ ಒಂಬತ್ತು. ಐದು ಅಡಿಗೆ ಐದೈದಲಿ ಇಪ್ಪತ್ತೈದು. ಅಂದರೆ ಎರಡೇ ಅಡಿ ಜಾಸ್ತಿ ಮಾಡಿದರೆ ಬಲ ಸುಮಾರು ಎರಡೂಮುಕ್ಕಾಲು ಪಟ್ಟು. ತುದಿ ಕೆಳಕ್ಕೆ ಜಗ್ಗುವುದು ಇನ್ನೂ ಜೋರು. ಸ್ಲ್ಯಾಬಿನ ದಪ್ಪ ಅಷ್ಟೇ ಇಟ್ಟರೆ ಏಳು ಪಟ್ಟಿಗೂ ಹೆಚ್ಚು. ನಿಮ್ಮ ಬೀದಿಯ ಆರು ಮನೆಗಳಿಗೂ ಮೂರು ಅಡಿ ಬಾಲ್ಕನಿ ಇದ್ದಿರಬಹುದು. ಅದೇ ಕಂಬಿ, ಅದೇ ಐದು ಇಂಚು ದಪ್ಪ ಇಲ್ಲಿಗೂ ಹಾಕಿದರೆ ಏನಾಗುತ್ತದೆ ಅಂತ ಈಗ ನೀವೇ ಊಹಿಸಬಹುದು ಅಲ್ವಾ?

"ಹಾಗೆ ಹಾಕಿದ ಎಷ್ಟೋ ಬಾಲ್ಕನಿ ನಿಂತಿವೆಯಲ್ಲ" ಎಂದು ಕೇಳುವವರಿದ್ದಾರೆ. ನಿಂತಿವೆ, ನಿಜ. ಲೆಕ್ಕ ಹಾಕುವಾಗ ಭಾರವನ್ನು ಒಂದೂವರೆ ಪಟ್ಟು ಹೆಚ್ಚು ಅಂತಲೇ ಹಿಡಿಯಬೇಕು ಎಂದು ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456 ಹೇಳುತ್ತದೆ. ಆ ಉಳಿಕೆ ಇರುವುದು ಊರ ತೇರಿನ ದಿನಕ್ಕೆ, ಮನೆಯವರೂ ನೆಂಟರೂ ಇಪ್ಪತ್ತು ಜನ ಬಾಲ್ಕನಿಗೆ ಬಂದು ಕಟಕಟೆ ಹಿಡಿದು ಬಗ್ಗಿ ನೋಡುವ ಹೊತ್ತಿಗೆ. ತಪ್ಪು ಲೆಕ್ಕ ಅದನ್ನು ಮೋಲ್ಡ್, ಅಂದರೆ ಸ್ಲ್ಯಾಬಿನ ಕಾಂಕ್ರೀಟು, ಹಾಕಿದ ದಿನವೇ ತಿಂದು ಹಾಕಿರುತ್ತದೆ.

ನನ್ನದೇ ಒಂದು ಅನುಭವ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ನಾಲ್ಕು ಅಡಿ ಬಾಲ್ಕನಿಯ ಡ್ರಾಯಿಂಗ್ ಕೊಟ್ಟಿದ್ದೆ. ಲೆಕ್ಕ ಸರಿಯಿತ್ತು. ಹಿಂದಿನ ದಿನ ಸಂಜೆ ಹೋಗಿ ಕಂಬಿ ಕಟ್ಟಿದ್ದನ್ನೂ ನೋಡಿ ಬಂದೆ. ಮೋಲ್ಡ್ ಹಾಕುವ ದಿನ ಮಾತ್ರ ಹೋಗಲಿಲ್ಲ. ಬಾಣಲಿ ಹೊತ್ತವರು ಇಡೀ ದಿನ ಆ ಕಂಬಿ ಮೇಲೆಯೇ ಓಡಾಡಿದ್ದಾರೆ. ಕೆಳಗೆ ಆನಿಕೆಗೆ ಇಡಬೇಕಾದ ಕಬ್ಬಿಣದ ಚೇರುಗಳು ಸಾಲುವಷ್ಟು ಇರಲಿಲ್ಲ. ಸೆಂಟ್ರಿಂಗ್, ಅಂದರೆ ಕೆಳಗೆ ಕೊಟ್ಟ ಹಲಗೆ ಆಸರೆ, ಬಿಚ್ಚಿದ ಮೇಲೆ ಬಾಗಿಲ ಸಾಲಿಗೆ ಉದ್ದಕ್ಕೂ ಬಿರುಕು, ತುದಿ ಒಂದು ಇಂಚು ಕೆಳಗೆ. ಒಡೆಸಿ ನೋಡಿದರೆ ಮೇಲಿರಬೇಕಾದ ಕಂಬಿ ತಳದಲ್ಲಿ ಮಲಗಿತ್ತು. ಐದು ಇಂಚು ದಪ್ಪದಲ್ಲಿ ತಳದಿಂದ ನಾಲ್ಕು ಇಂಚು ಮೇಲೆ ಇರಬೇಕಾದ ಕಂಬಿ ಒಂದೂವರೆ ಇಂಚಿಗೆ ಇಳಿದರೆ ಬಲ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಆ ಮನೆಯ ಅಮ್ಮ ಒಂದು ಮಾತೂ ಆಡಲಿಲ್ಲ, ಅದು ಬೈದಿದ್ದಕ್ಕಿಂತ ಹೆಚ್ಚು ಚುಚ್ಚಿತು. ಬಾಲ್ಕನಿ ಮತ್ತೆ ಹಾಕಿದೆವು. ಅಂದಿನಿಂದ ಬಾಲ್ಕನಿಯ ಮೋಲ್ಡ್ ಮುಗಿಯುವವರೆಗೂ ನಾನು ಸೈಟು ಬಿಟ್ಟು ಹೋಗಿಲ್ಲ.

ಹಾಗಾಗಿ ಎಂಜಿನಿಯರ್ ಅಂದರೆ ಬರೀ ಡ್ರಾಯಿಂಗ್ ಅಂತ ಅಂದುಕೊಳ್ಳಬೇಡಿ. ಬಂದು ನೋಡುವುದೂ ಆ ಕೆಲಸದ್ದೇ ಭಾಗ.

ಇನ್ನು ಮಣ್ಣು. ನೀವು ಇರುವ ಊರು ಬರೆದಿಲ್ಲ, ಆದರೆ ಇದು ಎಲ್ಲ ಊರಿಗೂ ಸೇರಿದ ಮಾತು. ಬಹಳ ಕಡೆ ಎಲ್ಲ ಕಾಲಂಗೂ ಒಂದೇ ಅಳತೆಯ ಗುಂಡಿ ತೆಗೆಯುತ್ತಾರೆ, ಐದಡಿ ಐದಡಿ ಅಂತ. ಒಂದು ಕಾಲಂ ಮೇಲೆ 40 ಟನ್ ಭಾರ ಬರುತ್ತದೆ ಅಂತ ಇಟ್ಟುಕೊಳ್ಳಿ. ಚದರ ಮೀಟರಿಗೆ 20 ಟನ್ ತಾಳುವ ಮಣ್ಣಾದರೆ ಫೂಟಿಂಗ್, ಅಂದರೆ ಕಾಲಂ ಬುಡದ ಅಗಲವಾದ ಕಾಂಕ್ರೀಟ್ ಪಾದ, ಎರಡು ಚದರ ಮೀಟರ್ ಸಾಕು, ಅಂದರೆ ನಾಲ್ಕೂವರೆ ಅಡಿಗಿಂತ ಸ್ವಲ್ಪ ದೊಡ್ಡ ಚೌಕ. 10 ಟನ್ ಮಾತ್ರ ತಾಳಿದರೆ ನಾಲ್ಕು ಚದರ ಮೀಟರ್ ಬೇಕು, ಆರೂವರೆ ಅಡಿ ಚೌಕ. ಮೊದಲನೆಯದರಲ್ಲಿ ಐದಡಿ ಗುಂಡಿ ತೆಗೆದರೆ ನಿಮಗೆ ದುಡ್ಡು ನಷ್ಟ. ಎರಡನೆಯದರಲ್ಲಿ ಮನೆ ಕೂರುತ್ತದೆ, ಅದೂ ಒಂದು ಮೂಲೆ ಮೊದಲು, ಇನ್ನೊಂದು ಆಮೇಲೆ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಡುವುದು ಬಹಳ ಸಲ ಇದರಿಂದಲೇ.

ಹುಬ್ಬಳ್ಳಿ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಪಾಯ ಆ ಏರಿಳಿತದ ಪದರವನ್ನು ದಾಟಿ ಕೆಳಗೆ ಇಳಿಯಬೇಕು. ಬೇಕಾದರೆ ತಳ ಗಂಟೆಯ ಹಾಗೆ ಅಗಲವಾಗುವ ಅಂಡರ್ ರೀಮ್ಡ್ ಪೈಲು ಹಾಕಬೇಕಾಗುತ್ತದೆ. ಕರಾವಳಿಯಲ್ಲಿ ಮೇಲೆ ಗಟ್ಟಿ ಮುರಕಲ್ಲು ಕಂಡರೂ ಅದರ ಕೆಳಗೆ ಶೇಡಿ ಮಣ್ಣು ಇರಬಹುದು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲ ಬಿಟ್ಟುಬಿಡುತ್ತದೆ. ಬೆಂಗಳೂರಿನಲ್ಲಿ ಕೆರೆ ಅಂಗಳ, ಹಳ್ಳ ತುಂಬಿಸಿ ಮಾಡಿದ ಲೇಔಟುಗಳಿವೆ. ಪಕ್ಕದ ಸೈಟಿನಲ್ಲಿ ನಾಲ್ಕಡಿಗೆ ಗಟ್ಟಿ ಸಿಕ್ಕಿತು ಅಂದರೆ ನಿಮ್ಮದರಲ್ಲೂ ಸಿಗುತ್ತದೆ ಅಂತ ಇಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿ. ಕಡೇ ಪಕ್ಷ ಎಂಜಿನಿಯರನ್ನು ಕರೆಸಿ, ತೆಗೆದ ಗುಂಡಿಯ ತಳ ತೋರಿಸಿದ ಮೇಲೆಯೇ ಕಾಂಕ್ರೀಟ್ ಹಾಕಿ. ಮುಂದೆ ಮೂರನೇ ಮಹಡಿ ಎತ್ತುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಅವರಿಗೆ ಈಗಲೇ ಹೇಳಿ. ಪಾಯಕ್ಕೆ ಆಮೇಲೆ ಬಲ ಸೇರಿಸುವುದು ಬಹಳ ಕಷ್ಟ, ಬಹಳ ಖರ್ಚು.

ಕಟ್ಟಡ ಪೂರ್ತಿ ಬೀಳುವುದು ಅಪರೂಪ. ಆದರೂ ನಮ್ಮ ರಾಜ್ಯ ಅದನ್ನು ಕಂಡಿದೆ. 1983ರಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಹೋದರು. ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ಮನೆಗೆ ಬರಬಹುದಾದ ತೊಂದರೆ ಬಿರುಕು, ಸೋರಿಕೆ, ತುಕ್ಕು. ಆದರೆ ಇವೂ ಶುರುವಾಗುವುದು ಕಂಬಿ, ನೀರು, ಮಣ್ಣು ಈ ಮೂರರಲ್ಲೇ.

"ಪ್ಲಾನ್‌ಗೆ ಎಂಜಿನಿಯರ್ ಸಹಿ ಹಾಕಿದ್ದಾರಲ್ವಾ, ಇನ್ನೊಬ್ಬರು ಯಾಕೆ?" ಎಂದೂ ನೀವು ಕೇಳಬಹುದು. ಮಂಜೂರಾತಿ ನಕ್ಷೆಯಲ್ಲಿ ಕೋಣೆಯ ಅಳತೆ, ಸುತ್ತ ಬಿಟ್ಟ ಜಾಗ, ಎತ್ತರ ಇರುತ್ತದೆ. ಯಾವ ಬೀಮಿಗೆ ಎಷ್ಟು ಕಂಬಿ ಅಂತ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂದ ಹಾಗೆ, ಆ ನಕ್ಷೆಯಲ್ಲಿ ಬಾಲ್ಕನಿ ಎಷ್ಟು ತೋರಿಸಿದೆ ಅಂತ ಇವತ್ತೇ ನೋಡಿ. ಬಿಡಬೇಕಾದ ಜಾಗದ ಮೇಲೆ ಅದಕ್ಕಿಂತ ಜಾಸ್ತಿ ಚಾಚಿದರೆ ಅದು ಬೈಲಾ ಉಲ್ಲಂಘನೆ. 30-40 ಸೈಟಿನಲ್ಲಿ ಐದು ಅಡಿಗೆ ಜಾಗ ಇರುವುದೇ ಕಷ್ಟ.

ಆರ್ಕಿಟೆಕ್ಟ್ ಕೆಲಸ ಬೇರೆ. ಗಾಳಿ, ಬೆಳಕು, ಮೆಟ್ಟಿಲು ಎಲ್ಲಿ, ಅಡುಗೆಮನೆಗೆ ಬಿಸಿಲು ಯಾವ ಕಡೆಯಿಂದ, ಇದನ್ನೆಲ್ಲ ಯೋಚಿಸುವವರು ಅವರು. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ನಂಬರ್ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ನಿಮ್ಮ ಪ್ಲಾನ್ ಆಗಲೇ ನಿಮಗೆ ಒಪ್ಪಿಗೆಯಾಗಿದ್ದರೆ ಈಗ ಬೇಕಿರುವುದು ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ.

ಅವರನ್ನು ನೀವೇ ಗೊತ್ತು ಮಾಡಿ. ಕಂಟ್ರಾಕ್ಟರ್ ಕರೆದುಕೊಂಡು ಬಂದರೆ ಅವರು ಕಂಟ್ರಾಕ್ಟರ್ ಮಾತಿಗೆ ಕಟ್ಟುಬೀಳುತ್ತಾರೆ, ಅದು ಸಹಜ. ಮಾತಾಡುವಾಗಲೇ ಎಷ್ಟು ಸಲ ಸೈಟಿಗೆ ಬರುತ್ತಾರೆ ಅಂತ ಬರೆಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಗುಂಡಿ ತೆಗೆದಾಗ ಒಂದು ಸಲ, ಫೂಟಿಂಗ್ ಜಾಲರಿ ಮತ್ತು ಕಾಲಂ ಕಂಬಿ ನಿಲ್ಲಿಸಿದಾಗ ಒಂದು ಸಲ, ನೆಲಮಟ್ಟದ ಪ್ಲಿಂತ್ ಬೀಮಿಗೆ ಒಂದು ಸಲ, ಆಮೇಲೆ ಪ್ರತಿ ಮೋಲ್ಡಿಗೆ ಹಿಂದಿನ ದಿನ ಮತ್ತು ಅದೇ ದಿನ. ಇದಕ್ಕಿಂತ ಕಡಿಮೆ ಆದರೆ ಉಪಯೋಗ ಕಡಿಮೆ.

ಬಂದಾಗ ಅವರು ನೋಡುವುದನ್ನು ನೀವೂ ಪಕ್ಕದಲ್ಲಿ ನಿಂತು ನೋಡಿ. ಕಾಲಂ ರಿಂಗಿನ ಕೊಕ್ಕೆ ಒಳಕ್ಕೆ ಬಗ್ಗಿರಬೇಕು, 135 ಡಿಗ್ರಿ. ಸುಮ್ನೆ ಮೂಲೆಗೆ ಮಡಚಿದ್ದರೆ ಭಾರ ಬಂದಾಗ ಬಿಚ್ಚಿಕೊಳ್ಳುತ್ತದೆ. ಕಂಬಿಗೂ ಹೊರಮೈಗೂ ನಡುವೆ ಕಾಂಕ್ರೀಟು ಇರಬೇಕು, ಕಾಲಂಗೆ 40 ಮಿ.ಮೀ., ಫೂಟಿಂಗ್‌ಗೆ 50. ಅದಕ್ಕೆ ಕವರ್ ಬ್ಲಾಕ್ ಇಡಬೇಕು, ಜಲ್ಲಿ ಚೂರು ಅಲ್ಲ. ನೀರಿನ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಮನೆ ಸ್ಲ್ಯಾಬಿಗೆ ಹಾಕುವ ಎಂ-20 ದರ್ಜೆಯ ಕಾಂಕ್ರೀಟಿನಲ್ಲಿ 50 ಕಿಲೋ ಸಿಮೆಂಟ್ ಚೀಲಕ್ಕೆ 27-28 ಲೀಟರ್ ನೀರು ಮೇಲಿನ ಮಿತಿ, ಮರಳಿನಲ್ಲಿರುವ ತೇವವೂ ಸೇರಿ. ಎಳೆಯೋಕೆ ಸುಲಭ ಅಂತ ಪೈಪ್ ಹಿಡಿದು ನೀರು ಬಿಟ್ಟರೆ ಆ ನೀರು ಆವಿಯಾಗಿ ತೂತು ಉಳಿಯುತ್ತದೆ. ಮಳೆ ನೀರು ಇಳಿಯುವುದು ಅದೇ ತೂತಿನಲ್ಲಿ. ಹಾಕಿದ ಮೇಲೆ ನೀರು ಉಣಿಸುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಈಗ ಜಾಸ್ತಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ.

ಫೀಸು ಊರಿಂದ ಊರಿಗೆ ಬೇರೆ, ಸಾಮಾನ್ಯವಾಗಿ ಚದರ ಅಡಿ ಲೆಕ್ಕ. ಜಾಸ್ತಿ ಅನಿಸಿದರೆ ಕಬ್ಬಿಣದ ಬಿಲ್ಲಿನ ಪಕ್ಕದಲ್ಲಿ ಇಟ್ಟು ನೋಡಿ. ಕಾಲಂ ಮನೆಗೆ ಚದರ ಅಡಿಗೆ ಮೂರೂವರೆಯಿಂದ ನಾಲ್ಕು ಕಿಲೋ ಕಬ್ಬಿಣ ಅನ್ನುವುದು ನಮ್ಮ ಅಂದಾಜು. ಎರಡು ಸಾವಿರ ಚದರ ಅಡಿಗೆ ಏಳೆಂಟು ಟನ್. ಲೆಕ್ಕ ಇಲ್ಲದ ಕಡೆ ಭಯಕ್ಕೆ ಸುರಿಯುವ ಕಬ್ಬಿಣ ಉಳಿದರೆ ಫೀಸಿನ ಒಳ್ಳೆಯ ಪಾಲು ಅಲ್ಲೇ ಬರುತ್ತದೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಕಾಲಂಗೆ ಬೇಕಿಲ್ಲದಷ್ಟು ಕಂಬಿ ಇರುತ್ತದೆ, ಬಾಲ್ಕನಿಗೆ ಬೇಕಾದಷ್ಟು ಇರುವುದಿಲ್ಲ.

ಇದನ್ನು ಓದುತ್ತಿರುವ ಬೇರೆ ಕೆಲವರ ಮನೆಯಲ್ಲಿ ಬಾಲ್ಕನಿ ಮೋಲ್ಡ್ ಆಗಲೇ ಮುಗಿದಿರಬಹುದು. ಗಾಬರಿ ಬೇಡ. ಕಂಬಿ ಎಷ್ಟು ಆಳದಲ್ಲಿದೆ ಅಂತ ಒಡೆಯದೆ ಅಳೆಯುವ ಕವರ್ ಮೀಟರ್ ಇದೆ, ಎಂಜಿನಿಯರ್ ಅದನ್ನು ತರಿಸಿ ನೋಡುತ್ತಾರೆ. ಬಲ ಸಾಲದಿದ್ದರೆ ಕೆಳಗೆ ಬ್ರಾಕೆಟ್ ಕೊಡಬಹುದು, ಇಲ್ಲವೇ ತುದಿಗೆ ಎರಡು ಕಂಬ ನಿಲ್ಲಿಸಬಹುದು. ಅವರು ಬಂದು ನೋಡುವವರೆಗೆ ಕೆಳಗಿನ ಜಾಕಿಗಳನ್ನು ತೆಗೆಸಬೇಡಿ. ತೆಗೆಯುವ ದಿನ ಬಂದಾಗ ತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬರಲಿ, ಒಂದೊಂದಾಗಿ, ಮೆಲ್ಲಗೆ ಸಡಿಲಿಸುತ್ತಾ.