ಹಗುರ ರಿವಾಲ್ವರಿನ ಭಾರೀ ಒದೆತ

ಸ್ಮಿತ್ ಅಂಡ್ ವೆಸನ್ ಕಂಪನಿ 2003ರಲ್ಲಿ ಹೊರತಂದ 329ಪಿಡಿ ರಿವಾಲ್ವರ್, ತೋಟಾ ತುಂಬದೆ ತೂಗಿದರೆ, ಮುಕ್ಕಾಲು ಕಿಲೋ ಮುಟ್ಟುವುದಿಲ್ಲ. ಅದೇ ಕಂಪನಿ 1955ರ ಕೊನೆಯಲ್ಲಿ ಮಾಡಿದ ಮೊದಲ .44 ಮ್ಯಾಗ್ನಮ್, ಆರೂವರೆ ಇಂಚು ನಳಿಗೆಯ ಉಕ್ಕಿನ ರಿವಾಲ್ವರ್, ಸುಮಾರು 1.35 ಕಿಲೋ ತೂಗುತ್ತದೆ. ಎರಡಕ್ಕೂ ಹಾಕುವ ತೋಟಾ ಒಂದೇ, .44 ಮ್ಯಾಗ್ನಮ್ ಎಂಬ ಪ್ರಬಲ ತೋಟಾ. ಇಳಿದ ಅರ್ಧ ಭಾರದ ಲೆಕ್ಕ ಮಾತ್ರ ಹಾರಿಸುವವರ ಅಂಗೈಯಲ್ಲಿ ಚುಕ್ತಾ ಆಗುತ್ತದೆ.

ಇಂಥ ರಿವಾಲ್ವರ್ ಕೊಳ್ಳುವವರು ಹೆಚ್ಚಾಗಿ ಅಲಾಸ್ಕಾ, ಮೊಂಟಾನಾದಂಥ ಕರಡಿ ನೆಲದಲ್ಲಿ ನಡೆದು ಕೆಲಸ ಮಾಡುವವರು, ಹೊಳೆಯಲ್ಲಿ ನಿಂತು ಮೀನು ಹಿಡಿಯುವವರು. ಅವರು ಅದನ್ನು ದಿನವಿಡೀ ಹೊರಬೇಕು. ಹಾರಿಸುವ ಪ್ರಸಂಗ ಬಾರದೆಯೂ ಇರಬಹುದು. ಒಂದೂವರೆ ಕಿಲೋ ಉಕ್ಕು ಮೂರನೇ ದಿನಕ್ಕೆ ಬೆನ್ನುಚೀಲದ ತಳ ಸೇರುತ್ತದೆ, ಅಲ್ಲಿರುವ ಆಯುಧದಿಂದ ಯಾರಿಗೂ ಉಪಯೋಗವಿಲ್ಲ. ಹಾಗಾಗಿ ಹಗುರ ರಿವಾಲ್ವರ್ ಬರೀ ಶೋಕಿ ಎನ್ನಲಾಗದು. ತೊಂದರೆ ಶುರುವಾಗುವುದು ಅದಕ್ಕೆ ಭಾರದ ರಿವಾಲ್ವರಿನ ತೋಟಾವನ್ನೇ ತುಂಬಿದಾಗ. (ಕರಡಿಯ ವಿಷಯಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಮೊದಲು ಹೇಳುವುದು ಕರಡಿ ಸ್ಪ್ರೇ, ಅಂದರೆ ಮೆಣಸಿನ ಖಾರ ಚಿಮ್ಮಿಸುವ ಡಬ್ಬಿ ಒಯ್ಯಲು. ಅದು ಕೈಗೆ ಒದೆಯುವುದಿಲ್ಲ ಎಂಬುದೂ ನಿಜ.)

ಭಾರ ಇಳಿದದ್ದು ಲೋಹ ಬದಲಿಸಿದ್ದರಿಂದ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಟೈಟೇನಿಯಂ 4.5, ಅಲ್ಯೂಮಿನಿಯಂ 2.7. ಚೌಕಟ್ಟು ಅಲ್ಯೂಮಿನಿಯಂ ಮಿಶ್ರಲೋಹದ್ದು, ತೋಟಾಗಳು ಕೂರುವ ಸಿಲಿಂಡರ್ ಟೈಟೇನಿಯಂ, ನಳಿಗೆ ಉಕ್ಕು. ‘ಸ್ಕ್ಯಾಂಡಿಯಂ ಚೌಕಟ್ಟು’ ಎಂದು ಜಾಹೀರಾತು ಹೇಳುತ್ತದಾದರೂ ಅದರಲ್ಲಿರುವ ಸ್ಕ್ಯಾಂಡಿಯಂ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅಷ್ಟು ಚಿಟಿಕೆಯೇ ಸಾಕು: ಅದು ಅಲ್ಯೂಮಿನಿಯಂ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಲೋಹದೊಳಗೆ ಹರಡಿಕೊಳ್ಳುತ್ತದೆ, ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಸೋವಿಯತ್ ಒಕ್ಕೂಟ ಇಂಥ ಮಿಶ್ರಲೋಹವನ್ನು ಮಿಗ್-29 ಯುದ್ಧವಿಮಾನದಲ್ಲಿ ಬಳಸಿತ್ತು.

ಈಗ ಒದೆತದ ಲೆಕ್ಕ. 240 ಗ್ರೇನ್ ಗುಂಡು ಎಂದರೆ 15.6 ಗ್ರಾಂ. ನಾಲ್ಕು ಇಂಚು ನಳಿಗೆಯಿಂದ ಅದು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟಿತು ಎನ್ನೋಣ. ಕಿಲೋ ಲೆಕ್ಕದ ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ 5.6. ಮದ್ದು ಸುಮಾರು ಒಂದೂವರೆ ಗ್ರಾಂ ಇರುತ್ತದೆ. ಅದು ಸುಟ್ಟು ಅನಿಲವಾಗಿ ಗುಂಡಿನ ಹಿಂದೆ ಇನ್ನೂ ರಭಸದಿಂದ ನುಗ್ಗುತ್ತದೆ. ಗುಂಡಿನ ಒಂದೂವರೆ ಪಟ್ಟು ವೇಗ ಎಂದು ಹಿಡಿಯುವುದು ರೂಢಿ. ಅದರ ಪಾಲು 0.8. ಒಟ್ಟು 6.4 ಮುಂದಕ್ಕೆ ಹೋದರೆ ಅಷ್ಟೇ ಹಿಂದಕ್ಕೂ ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆರು ತೋಟಾ ತುಂಬಿದ ಹಗುರ ರಿವಾಲ್ವರ್ 870 ಗ್ರಾಂ. ಹಾಗಾದರೆ ಅದು ಸೆಕೆಂಡಿಗೆ 7.4 ಮೀಟರ್ ವೇಗದಲ್ಲಿ, 24 ಜೂಲ್ ಚಲನಶಕ್ತಿಯೊಂದಿಗೆ ಕೈಗೆ ಬಡಿಯುತ್ತದೆ. ತುಂಬಿದಾಗ ಒಂದೂವರೆ ಕಿಲೋ ಇರುವ ಉಕ್ಕಿನದರಲ್ಲಿ ವೇಗ 4.3 ಮೀಟರ್, ಶಕ್ತಿ 14 ಜೂಲಿಗೂ ತುಸು ಕಡಿಮೆ.

ಇಲ್ಲಿ ಶಕ್ತಿಗಿಂತ ವೇಗವೇ ಹೆಚ್ಚು ನೋಯಿಸುತ್ತದೆ. ಭಾರದ ರಿವಾಲ್ವರ್ ನಿಧಾನ ತಳ್ಳುತ್ತದೆ, ತೋಳು ಅದರ ಜೊತೆ ಹಿಂದೆ ಸರಿಯಲು ಸಮಯ ಸಿಗುತ್ತದೆ. ಹಗುರವಾದದ್ದು ಸ್ನಾಯು ಎಚ್ಚೆತ್ತುಕೊಳ್ಳುವ ಮೊದಲೇ ಬಡಿದು ಮುಗಿಸಿರುತ್ತದೆ. ‘ಗಟ್ಟಿಮನಸ್ಸಿದ್ದರೆ ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಅಭ್ಯಾಸವಾಗುವುದು ಬೆದರಿ ಕಣ್ಣುಮುಚ್ಚುವುದು ಮಾತ್ರ.

ದಾರಿ ಇರುವುದು ತೋಟಾದಲ್ಲಿ. 1907ರಿಂದ ಬಳಕೆಯಲ್ಲಿರುವ .44 ಸ್ಪೆಷಲ್ ಎಂಬ ಗಿಡ್ಡ, ಮೆದು ತೋಟಾ ಇದೇ ರಿವಾಲ್ವರಿನಲ್ಲಿ ಸಲೀಸಾಗಿ ಕೂರುತ್ತದೆ. 246 ಗ್ರೇನ್ ಗುಂಡು, ಸೆಕೆಂಡಿಗೆ 230 ಮೀಟರ್. ರಿವಾಲ್ವರ್ ಹಿಂದಕ್ಕೆ ಬರುವುದು 4.4 ಮೀಟರ್ ವೇಗದಲ್ಲಿ, ಎಂಟೂವರೆ ಜೂಲಿನೊಳಗೆ. ಇವೆರಡರ ನಡುವಿನದು ಹೊರಗೆ ಒಯ್ಯಲು ಹೆಚ್ಚು ತಕ್ಕದ್ದು: 250 ಗ್ರೇನಿನ ಗಟ್ಟಿ ಸೀಸದ, ಮೂತಿ ಚಪ್ಪಟೆಯಾದ ಗುಂಡು, 290 ಮೀಟರ್ ವೇಗ. ಇದಕ್ಕೆ ಹಗುರ ರಿವಾಲ್ವರಿನಲ್ಲಿ ಬರುವ ಒದೆತ 14 ಜೂಲ್, ಅಂದರೆ ಉಕ್ಕಿನ ರಿವಾಲ್ವರಿನಲ್ಲಿ ಪೂರ್ತಿ ಮ್ಯಾಗ್ನಮ್ ಕೊಡುವಷ್ಟೇ. ಗಟ್ಟಿ ಸೀಸ ಹಿಗ್ಗದೆ ನೇರವಾಗಿ ಆಳಕ್ಕಿಳಿಯುವುದರಿಂದ ವೇಗ ಕಡಿಮೆಯಾದರೂ ನಷ್ಟ ಅಷ್ಟಿಲ್ಲ. ಎರಡನೇ ಗುಂಡನ್ನು ಗುರಿಯಲ್ಲಿಡಲು ಸಾಧ್ಯವಾಗುವುದೂ ಇದರಲ್ಲೇ.

ತೋಟಾ ಬದಲಿಸಿದರೆ ಗುರಿಯೂ ಬದಲಾಗುತ್ತದೆ. ಗುಂಡು ನಳಿಗೆ ದಾಟುವ ಒಂದು ಮಿಲಿಸೆಕೆಂಡಿನೊಳಗಿನ ಕಾಲದಲ್ಲೇ ರಿವಾಲ್ವರ್ ಸುಮಾರು ಎರಡು ಮಿಲಿಮೀಟರ್ ಹಿಂದೆ ಸರಿದು ಬಾಯಿ ಮೇಲೆತ್ತಲು ತೊಡಗಿರುತ್ತದೆ. ಭಾರವಾದ, ನಿಧಾನದ ಗುಂಡು ಹೆಚ್ಚು ಹೊತ್ತು ಒಳಗಿರುವುದರಿಂದ ಇನ್ನಷ್ಟು ಎತ್ತಿದ ಬಾಯಿಯಿಂದ ಹೊರಟು ಮೇಲಕ್ಕೆ ತಾಗುತ್ತದೆ. ಒಯ್ಯುವ ತೋಟಾ ಯಾವುದೆಂದು ತೀರ್ಮಾನಿಸಿ, ಹಿಂಬದಿಯ ಗುರಿಕಂಡಿಯನ್ನು ಅದಕ್ಕೇ ಹೊಂದಿಸಬೇಕು.

ಬಾಯಿ ಮೇಲೇಳುವುದೇಕೆಂದರೆ ನಳಿಗೆಯ ಅಕ್ಷ ಮುಷ್ಟಿಗಿಂತ ಮೇಲಿದೆ. ಅಂತರ ಹೆಚ್ಚಿದಷ್ಟೂ ತಿರುಚುವ ಬಲ ಹೆಚ್ಚು. ಆದ್ದರಿಂದ ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲೆ ಹಿಡಿಯಬಹುದೋ ಅಷ್ಟು ಮೇಲೆ ಹಿಡಿಯಬೇಕು, ಕೆಳಗೆ ಹಿಡಿದರೆ ಹಿಡಿ ಅಂಗೈಯಲ್ಲಿ ಉರುಳಿ, ಟ್ರಿಗರ್ ಕಾವಲಿನ ಹಿಂಬದಿ ನಡುಬೆರಳ ಗೆಣ್ಣಿಗೆ ಬಡಿಯುತ್ತದೆ. ಸಿಲಿಂಡರ್ ತೆರೆಯುವ ಗುಂಡಿ ಹೆಬ್ಬೆರಳ ಗೆಣ್ಣನ್ನು ಕೆತ್ತುವುದೂ ಉಂಟು. ಹಿಂಬದಿಯ ಲೋಹ ತೆರೆದೇ ಇರುವ ಮರದ ಹಿಡಿ ನೋಡಲು ಚೆಂದ, ಹಾರಿಸಲು ಶಿಕ್ಷೆ. ಬೆನ್ನಿನ ಲೋಹವನ್ನೂ ಮುಚ್ಚುವ ದಪ್ಪ ರಬ್ಬರ್ ಹಿಡಿ ಹಾಕಿದರೆ ಬಡಿತ ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ. ಹೆಬ್ಬೆರಳು–ತೋರುಬೆರಳ ಸಂದಿಗೆ ಇದಕ್ಕಿಂತ ಅಗ್ಗದ ಉಪಕಾರ ಇನ್ನೊಂದಿಲ್ಲ. ಎಡಗೈ ಹೆಬ್ಬೆರಳು ಮಾತ್ರ ಎಂದೂ ಮುಂದೆ ಚಾಚಿರಬಾರದು. ಸಿಲಿಂಡರಿಗೂ ನಳಿಗೆಗೂ ನಡುವೆ 0.1ರಿಂದ 0.25 ಮಿಲಿಮೀಟರ್ ಬಿರುಕಿದೆ, ಅಲ್ಲಿಂದ ಪಕ್ಕಕ್ಕೆ ಚಿಮ್ಮುವ ಅನಿಲ ಚರ್ಮವನ್ನಷ್ಟೇ ಅಲ್ಲ, ಮಾಂಸವನ್ನೂ ಸೀಳಬಲ್ಲದು.

ಹಗುರ ರಿವಾಲ್ವರಿಗೆ ವಿಶೇಷವಾದ ಕಾಯಿಲೆ ಇನ್ನೊಂದಿದೆ, ಗುಂಡು ಮುಂದೆ ಜಾರುವುದು. ಒಂದು ತೋಟಾ ಹಾರಿದಾಗ ಉಳಿದ ಐದರ ಹಿತ್ತಾಳೆ ಕೇಸುಗಳನ್ನು ಅವುಗಳ ಅಂಚಿನಿಂದ ಹಿಡಿದು ರಿವಾಲ್ವರ್ ಹಿಂದಕ್ಕೆಳೆಯುತ್ತದೆ. ಒಳಗಿನ ಗುಂಡುಗಳಿಗೆ ಮಾತ್ರ ಇದ್ದಲ್ಲೇ ಇರುವ ಜಡತ್ವ. ಒಂದು ಮಿಲಿಸೆಕೆಂಡಿನಲ್ಲಿ 7.4 ಮೀಟರ್ ವೇಗ ಬರಬೇಕೆಂದರೆ 15.6 ಗ್ರಾಮಿನ ಗುಂಡಿನ ಮೇಲೆ ಬೀಳುವ ಎಳೆತ ಸರಾಸರಿ 12 ಕಿಲೋ ಭಾರದಷ್ಟು, ಉತ್ತುಂಗದಲ್ಲಿ ಇನ್ನೂ ಹೆಚ್ಚು. ಉಕ್ಕಿನ ರಿವಾಲ್ವರಿನಲ್ಲಿ ಇದು ಏಳು ಕಿಲೋ. ತಪ್ಪಾಗಿ ತುಂಬಿದ ತೋಟಾದಿಂದ ಗುಂಡು ಬಿಡಿಸಲು ಬಳಸುವ ಸುತ್ತಿಗೆಯಂಥ ಸಲಕರಣೆ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಕೇಸಿನ ಬಾಯನ್ನು ಗುಂಡಿನ ಗೀರಿಗೆ ಬಿಗಿಯಾಗಿ ಮಡಚಿರದಿದ್ದರೆ, ಗುಂಡು ಪ್ರತಿ ಏಟಿಗೂ ಕೂದಲೆಳೆಯಷ್ಟು ಮುಂದೆ ಬಂದು, ಕೊನೆಗೆ ಸಿಲಿಂಡರಿನ ಮುಖದಿಂದ ಹೊರಗೆ ಮೂತಿ ಹಾಕುತ್ತದೆ. ಅಲ್ಲಿಗೆ ಸಿಲಿಂಡರ್ ತಿರುಗುವುದಿಲ್ಲ, ಟ್ರಿಗರ್ ಅಲುಗುವುದಿಲ್ಲ. ತೋಟಾ ಕೈಕೊಟ್ಟರೆ ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು ಎಂಬ ಮಾತು ಇಲ್ಲಿ ನಡೆಯದು.

ಪರೀಕ್ಷೆ ಸುಲಭ. ಒಂದು ತೋಟಾದ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ತಳಕ್ಕೆ ಗುರುತು ಹಾಕಿ, ಕೊನೆಯದಾಗಿ ಬರುವ ಗೂಡಿನಲ್ಲಿಡಿ. ಉಳಿದ ಐದನ್ನು ಹಾರಿಸಿ. ಗುರುತಿನದನ್ನು ತೆಗೆದು ಮತ್ತೆ ಅಳೆಯಿರಿ. ಕಾಲು ಮಿಲಿಮೀಟರ್ ಬೆಳೆದಿದ್ದರೂ ಆ ತೋಟಾ ಈ ರಿವಾಲ್ವರಿಗೆ ಬೇಡ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಮೆತ್ತಗಿನ ಬರೀ ಸೀಸದ ಗುಂಡು, 300 ಗ್ರೇನಿನಂಥ ಭಾರೀ ಗುಂಡು ಮೊದಲು ಸೋಲುತ್ತವೆ. ಗುಂಡು ಭಾರವಾದಷ್ಟೂ ಜಡತ್ವದ ಎಳೆತವೂ ಹೆಚ್ಚುತ್ತದೆಯಲ್ಲ.

ಟೈಟೇನಿಯಂ ಸಿಲಿಂಡರಿಗೆ ಅದರದೇ ನಖರೆಗಳಿವೆ. ಇದೇ ಕಂಪನಿಯ ಚಿಕ್ಕ .357 ಮ್ಯಾಗ್ನಮ್ ಹಗುರ ರಿವಾಲ್ವರುಗಳ ಮೇಲೆ ‘120 ಗ್ರೇನಿಗಿಂತ ಹಗುರ ಗುಂಡು ಬೇಡ’ ಎಂದು ಕೆತ್ತಿರುತ್ತದೆ. ಹಗುರ ಗುಂಡಿನ ಮ್ಯಾಗ್ನಮ್ ತೋಟಾ ಟೈಟೇನಿಯಂ ಮುಖವನ್ನು ಬೇಗ ಸವೆಸುತ್ತದೆ. ಸಿಲಿಂಡರಿನ ಮುಖದ ಮೇಲಿನ ಕಪ್ಪು ಕಲೆ ಕಂಡು ಉಜ್ಜು ಕಾಗದ, ಪಾಲಿಶ್ ಹಿಡಿದು ಕೂರಬೇಡಿ, ಮೇಲಿನ ರಕ್ಷಣೆಯ ಲೇಪ ಹೋದರೆ ಸವೆತ ಬಿರುಸಾಗುತ್ತದೆ. 329ಪಿಡಿಯಲ್ಲಿ ನಳಿಗೆಯ ಬುಡದ ಮೇಲೆ, ಅಲ್ಯೂಮಿನಿಯಂ ಚೌಕಟ್ಟನ್ನು ಬೆಂಕಿಯಿಂದ ಕಾಯುವ ತೆಳು ಉಕ್ಕಿನ ತಗಡೊಂದಿದೆ. ಶುಚಿ ಮಾಡುವಾಗಲೆಲ್ಲ ಅದು ಸರಿಯಾಗಿ ಕೂತಿದೆಯೇ ನೋಡಬೇಕು. ಸ್ಕ್ರೂಗಳೂ ಒದೆತಕ್ಕೆ ಸಡಿಲವಾಗುತ್ತವೆ. ಸ್ಪೆಷಲ್ ಕೇಸಿನ ಉದ್ದ 29.5 ಮಿಲಿಮೀಟರ್, ಮ್ಯಾಗ್ನಮ್ಮಿನದು 32.6. ಗಿಡ್ಡದನ್ನು ಹೆಚ್ಚು ಹಾರಿಸಿದರೆ ಆ ಮೂರು ಮಿಲಿಮೀಟರ್ ಜಾಗದಲ್ಲಿ ಮಸಿಯ ಉಂಗುರ ಕಟ್ಟಿ, ಆಮೇಲೆ ಉದ್ದನೆಯದು ಒಳಗೆ ಹೋಗಲು ಹಟ ಮಾಡುತ್ತದೆ. ದ್ರಾವಕದಲ್ಲಿ ನೆನೆಸಿ ಬ್ರಷ್ ಆಡಿಸಿದರೆ ಹೋಗುತ್ತದೆ.

ಒಯ್ಯುವುದಕ್ಕೆ ಸೊಂಟದ ಒರೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಬೆನ್ನುಚೀಲದ ಸೊಂಟಪಟ್ಟಿ ಬಿಗಿದ ಕೂಡಲೇ ಅದು ಮುಚ್ಚಿಹೋಗುತ್ತದೆ. ನೀರಿಗಿಳಿಯುವ ಉಡುಪಿನಲ್ಲೂ ಅದೇ ಕಥೆ. ಎದೆಯ ಮೇಲೆ ಓರೆಯಾಗಿ ಕೂರುವ ಒರೆಯಾದರೆ ಯಾವ ಕೈಗಾದರೂ ಸಿಗುತ್ತದೆ, ಕೂತಾಗ ನೆಲಕ್ಕೆ ತಾಗುವುದಿಲ್ಲ. ಒರೆ ಟ್ರಿಗರ್ ಕಾವಲನ್ನು ಪೂರ್ತಿ ಮುಚ್ಚಬೇಕು, ಓಡಿದರೂ ಬಿದ್ದರೂ ರಿವಾಲ್ವರನ್ನು ಬಿಡಬಾರದು. ಎದೆಯ ಒರೆಯಿಂದ ಎಳೆಯುವಾಗ ನಳಿಗೆಯ ಬಾಯಿ ಸ್ವಂತ ಎಡತೋಳನ್ನು ಹಾದುಹೋಗುವ ಅಪಾಯವಿದೆ. ಎಡಗೈಯನ್ನು ಮೊದಲು ಎದೆಗೆ ಒತ್ತಿಕೊಳ್ಳುವ ರೂಢಿಯನ್ನು ಖಾಲಿ ರಿವಾಲ್ವರಿನಲ್ಲೇ ಮಾಡಿಕೊಳ್ಳಬೇಕು.

ಹೊಸಬರಿಗೆ ಮೊದಲ ಬಾರಿ ಕೊಡುವಾಗ ಒಂದೇ ತೋಟಾ, ಎರಡಿಲ್ಲ. ಒದೆತಕ್ಕೆ ಹಿಡಿ ಜಾರಿದಾಗ ಬೆರಳು ತಾನಾಗಿ ಬಿಗಿದು ಎರಡನೆಯದೂ ಹಾರಬಹುದು. ಆ ಗಳಿಗೆಯಲ್ಲಿ ನಳಿಗೆ ಆಕಾಶದ ಕಡೆಗೋ ಹಣೆಯ ಕಡೆಗೋ ಇರುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಒಳಗೊಂದು ಬಿರಡೆ ಮತ್ತು ಮೇಲೊಂದು ಮುಚ್ಚಳ. ಶಬ್ದ 160 ಡೆಸಿಬೆಲ್ ಮೀರುತ್ತದೆ, ಕಿವಿಗೆ ಒಂದೇ ಏಟಿಗೆ ಹಾನಿಯಾಗಲು 140 ಸಾಕು. ಅಭ್ಯಾಸದ ಬಹುಪಾಲು ಖಾಲಿ ರಿವಾಲ್ವರಿನಲ್ಲೇ ಆಗಬೇಕು: ಹ್ಯಾಮರ್ ಎಳೆಯದೆ ನೇರ ಟ್ರಿಗರ್ ಒತ್ತಲು ಸುಮಾರು ಐದು ಕಿಲೋ ಬಲ ಬೇಕು, ಅಂದರೆ ರಿವಾಲ್ವರಿನ ತೂಕದ ಆರು ಪಟ್ಟು. ಒತ್ತುವಾಗಲೇ ಗುರಿ ಅಲುಗುವುದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಸ್ಪೆಷಲ್ ತೋಟಾಗಳ ನಡುವೆ ಒಂದೆರಡು ಹಾರಿದ ಕೇಸುಗಳನ್ನು ಬೆರೆಸಿ, ನೋಡದೆ ಸಿಲಿಂಡರ್ ತಿರುಗಿಸಿ ಮುಚ್ಚಿ. ಖಾಲಿ ಕೇಸಿಗೆ ಹ್ಯಾಮರ್ ಬಿದ್ದಾಗ ನಳಿಗೆಯ ಬಾಯಿ ಕೆಳಗೆ ಕುಕ್ಕಿದರೆ ಬೆದರಿಕೆ ಇನ್ನೂ ಹೋಗಿಲ್ಲ. ಅದು ನಿಂತ ಮೇಲೆ, ದಿನದ ಕೊನೆಗೆ, ಒಯ್ಯುವ ತೋಟಾ ಆರು ಹಾರಿಸಿದರೆ ಸಾಕು.

ಖಾಲಿ ಕೇಸು ತೆಗೆಯುವಾಗ ನಳಿಗೆಯ ಬಾಯನ್ನು ನೆಟ್ಟಗೆ ಮೇಲಕ್ಕೆತ್ತಿ, ಸಿಲಿಂಡರಿನ ಮುಂದಿರುವ ಕಡ್ಡಿಯನ್ನು ಅಂಗೈಯಿಂದ ಒಂದೇ ಏಟಿಗೆ ಪೂರ್ತಿ ಒತ್ತಿ. ಬಾಗಿಸಿ ಮೆಲ್ಲಗೆ ಒತ್ತಿದರೆ ಸುಡದೆ ಉಳಿದ ಮದ್ದಿನ ಚೂರುಗಳು ಕೇಸುಗಳನ್ನು ಹೊರತಳ್ಳುವ ನಕ್ಷತ್ರದಾಕಾರದ ಎತ್ತುಗದ ಕೆಳಗೆ ಬೀಳುತ್ತವೆ. ಅಂಥ ಎರಡು ಚೂರು ಸಿಕ್ಕಿಕೊಂಡರೂ ಎತ್ತುಗ ಪೂರ್ತಿ ಕೂರದೆ ಸಿಲಿಂಡರ್ ಬಿಗಿಯುತ್ತದೆ. ಜೇಬಿನಲ್ಲೊಂದು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡರೆ ಅಲ್ಲೇ ಸರಿಪಡಿಸಬಹುದು.