ಆಸ್ಪತ್ರೆಯೇ ಇಲ್ಲದ ಎತ್ತರದಲ್ಲಿ ಸೇನೆಯ ಕಿರಿಯ ವೈದ್ಯರಿಗೆ ಏನು ಕೆಲಸ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿದ ನನ್ನ ಮಗಳು ಸೇನಾ ವೈದ್ಯಕೀಯ ದಳಕ್ಕೆ ಸೇರಿದ್ದಾಳೆ. ಇನ್ನೂ ಅನುಭವ ಸಾಲದ ವೈದ್ಯರನ್ನು ಸಿಯಾಚಿನ್‌ನಂಥ ಕಡೆಗೆ ಕಳಿಸಿದರೆ ಅವರು ಅಲ್ಲಿ ಏನು ಮಾಡಬಲ್ಲರು?

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಅಲ್ಲಿ ವೈದ್ಯರ ಕೆಲಸದ ಬಹುಪಾಲು ಕಾಯಿಲೆ ಬರುವುದಕ್ಕೆ ಮೊದಲೇ ನಡೆಯುತ್ತದೆ. ಬಂದ ಮೇಲೆ ಎಲ್ಲಕ್ಕಿಂತ ದೊಡ್ಡದು, ಯಾರನ್ನು ಯಾವ ಗಳಿಗೆಯಲ್ಲಿ ಕೆಳಗಿಳಿಸಬೇಕೆಂಬ ತೀರ್ಮಾನ.

ಹೊಸಬರಿಗೆ ಲಖನೌದ ಸೇನಾ ವೈದ್ಯಕೀಯ ದಳದ ಕೇಂದ್ರದಲ್ಲಿ ಮೂಲ ತರಬೇತಿ ಆಗುತ್ತದೆ. ಆಮೇಲೆ ಕಾಲಾಳು ಬೆಟಾಲಿಯನ್ ಒಂದಕ್ಕೆ ನೇಮಕವಾದರೆ, ಸುಮಾರು 800 ಯೋಧರಿಗೆ ಸಾಮಾನ್ಯವಾಗಿ ಅವರೊಬ್ಬರೇ ವೈದ್ಯರು. ಸೇನೆಯವರು ಅವರನ್ನು ಆರ್‌ಎಂಒ, ಅಂದರೆ ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಎನ್ನುತ್ತಾರೆ. ಪಡೆ ಹಲವು ಠಾಣೆಗಳಲ್ಲಿ ಹಂಚಿಹೋಗಿರುವಾಗ ಎಲ್ಲ ಕಡೆಯೂ ವೈದ್ಯರಿರುವುದು ಸಾಧ್ಯವಿಲ್ಲ. ಮೇಲಿನ ಠಾಣೆಯ ನರ್ಸಿಂಗ್ ಅಸಿಸ್ಟೆಂಟ್ ರೇಡಿಯೋದಲ್ಲಿ ಹೇಳುವ ನಾಲ್ಕು ಮಾತುಗಳಿಂದಲೇ ಎಷ್ಟೋ ಸಲ ರೋಗವನ್ನು ಗುರುತಿಸಬೇಕಾಗುತ್ತದೆ. ಒಣಕೆಮ್ಮು ಇದೆ, ಸುಮ್ಮನೆ ಕೂತಿದ್ದರೂ ಏದುಸಿರು ಎಂದು ಕೇಳಿಬಂದರೆ, ಅದು ನೆಗಡಿಯಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿರಬಹುದು ಎಂದು ಆ ಕ್ಷಣವೇ ಶಂಕಿಸಬೇಕು.

18,000 ಅಡಿ ಎತ್ತರದಲ್ಲಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ದಕ್ಕುವುದರ ಅರ್ಧದಷ್ಟು. ಆದ್ದರಿಂದಲೇ 9,000 ಅಡಿ ದಾಟಿದ ಮೇಲೆ 6 ದಿನ, 12,000 ದಾಟಿದ ಮೇಲೆ 4, 15,000 ದಾಟಿದ ಮೇಲೆ ಮತ್ತೆ 4 ದಿನ ನಿಂತು ದೇಹವನ್ನು ಒಗ್ಗಿಸಿಕೊಳ್ಳುವ ಕ್ರಮವಿದೆ. ಬೆಳಗಾವಿಯಲ್ಲೋ ಕೊಡಗಿನಲ್ಲೋ ದೀರ್ಘ ರಜೆ ಕಳೆದು ಮರಳಿದ ಯೋಧನೂ ಈ ಮೆಟ್ಟಿಲುಗಳನ್ನು ಮೊದಲಿನಿಂದ ಹತ್ತಬೇಕು; ಮುಂಚೆ ಅಲ್ಲೇ ಇದ್ದವನಲ್ಲವೇ ಎಂಬ ಸಲಿಗೆ ಪ್ರಾಣಕ್ಕೆ ಎರವಾಗಬಹುದು. ಇನ್ನೊಂದು ತೊಡಕೆಂದರೆ, ಜೊತೆಗಾರರಿಗೆ ಹೊರೆಯಾಗಬಾರದೆಂದು ಯೋಧರು ತಲೆನೋವನ್ನೂ ಮರಗಟ್ಟಿದ ಬೆರಳನ್ನೂ ಮುಚ್ಚಿಡುತ್ತಾರೆ. ಅವರೊಡನೆ ಉಂಡು, ನಡೆದು, ಒಬ್ಬೊಬ್ಬರ ಹೆಸರು ಬಲ್ಲ ವೈದ್ಯರಿಗೆ ಮಾತ್ರ ಅದು ತಿಳಿಯುತ್ತದೆ. ಈ ವಿಶ್ವಾಸವನ್ನು ನಾನು ಔಷಧಕ್ಕಿಂತ ಮೇಲೆಂದು ಎಣಿಸುತ್ತೇನೆ.

ಹಾಗೆಂದು ಚಿಕಿತ್ಸೆಯ ಕೆಲಸ ಸಣ್ಣದೇನಲ್ಲ. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಸುಮಾರು 19,600 ಅಡಿ ಎತ್ತರದಲ್ಲಿ, ಆರು ದಿನಗಳ ನಂತರ ಹಿಮದಡಿಯಿಂದ ಹೊರತೆಗೆದಾಗ, ಅವರ ದೇಹವನ್ನು ಬೆಚ್ಚಗಾಗಿಸುವ ಚಿಕಿತ್ಸೆ ಆ ಸ್ಥಳದಲ್ಲೇ ಆರಂಭವಾಗಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಮಹಿಳಾ ವೈದ್ಯರ ಬಗ್ಗೆ ಹೇಳುವುದಾದರೆ, 2023ರ ಡಿಸೆಂಬರ್‌ನಲ್ಲಿ ಕ್ಯಾಪ್ಟನ್ ಗೀತಿಕಾ ಕೌಲ್ ಅವರು ಸಿಯಾಚಿನ್‌ನಲ್ಲಿ ನಿಯೋಜನೆಗೊಂಡ ಮೊದಲ ಮಹಿಳಾ ವೈದ್ಯಾಧಿಕಾರಿಯಾದರು. ಅದಕ್ಕೆ ಮುನ್ನ ಸಿಯಾಚಿನ್ ಬ್ಯಾಟಲ್ ಸ್ಕೂಲ್‌ನ ಕಠಿಣ ತರಬೇತಿಯನ್ನು ಅವರು ಪೂರೈಸಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರಲಾಗದ ರಾತ್ರಿ. ಆಗ ಆಮ್ಲಜನಕ, ಶ್ವಾಸಕೋಶದ ರಕ್ತನಾಳಗಳ ಒತ್ತಡ ತಗ್ಗಿಸುವ ನಿಫೆಡಿಪಿನ್, ಮಿದುಳು ಊದಿಕೊಂಡಿದ್ದರೆ ಡೆಕ್ಸಾಮೆಥಸೋನ್ ಕೊಡುತ್ತಾರೆ. ಬೇಕಾದರೆ ರೋಗಿಯನ್ನು ಗಾಳಿ ತುಂಬುವ ಒತ್ತಡದ ಚೀಲದೊಳಗೆ ಮಲಗಿಸಿ ಸಾವಿರಾರು ಅಡಿ ಕೆಳಗಿಳಿಸಿದಷ್ಟೇ ಪರಿಣಾಮ ಪಡೆಯುತ್ತಾರೆ. ಅದರೊಳಗಿನ ಗಾಳಿ ಕೆಡದಂತೆ ಪಂಪ್ ಒತ್ತುತ್ತಲೇ ಇರಬೇಕು. ವೈದ್ಯರೂ ಸಹಾಯಕರೂ ಸರದಿಯಲ್ಲಿ ಒತ್ತುತ್ತಾ, ಚೀಲದ ಕಿಟಕಿಯಿಂದ ರೋಗಿಯ ಮುಖವನ್ನು ನೋಡುತ್ತಾ ಬೆಳಗಾಗುವುದನ್ನು ಕಾಯುತ್ತಾರೆ.