ಕುತ್ತಿಗೆಯಲ್ಲಿ ಬೀಗದ ಕೈ, ಪುಟದಲ್ಲಿ ಅಜ್ಜಿಮನೆ: ಫಿನ್ಲೆಂಡಿನ ಚಿತ್ರಪುಸ್ತಕಗಳ ಹಿಂದಿನ ಕತೆ

ಫಿನ್ನಿಶ್ ಭಾಷೆಯಲ್ಲಿ ‘ಮುಮ್ಮೊಲಾ’ ಅಂತ ಒಂದು ಪದ ಇದೆ. ಮುಮ್ಮೊ ಅಂದರೆ ಅಜ್ಜಿ. ಅದಕ್ಕೆ ‘ಲಾ’ ಅಂಟಿಸಿದರೆ ಅಜ್ಜಿ ಇರುವ ಜಾಗ. ಥೇಟ್ ನಮ್ಮ ‘ಅಜ್ಜಿಮನೆ’. ಭಾವವೂ ಅದೇ. ಶಾಲೆಗೆ ರಜೆ, ಹೊಟ್ಟೆ ತುಂಬ ಹಣ್ಣು, ನೀರಾಟ, ಜಾಸ್ತಿ ಬೈಯದ ದೊಡ್ಡವರು. ಅಲ್ಲಿನ ಮಕ್ಕಳ ಚಿತ್ರಪುಸ್ತಕಗಳನ್ನು ತಿರುವುತ್ತಾ ಹೋದರೆ ಈ ಮುಮ್ಮೊಲಾ ಎಲ್ಲಾದರೂ ಎದುರಾಗುತ್ತದೆ. ಅದಿಲ್ಲದಿದ್ದರೆ ‘ಮೋಕ್ಕಿ’, ಅಂದರೆ ಕೆರೆ ದಂಡೆಯ ಪುಟ್ಟ ಮರದ ಬೇಸಿಗೆ ಮನೆ. ಜೊತೆಗೆ ದೋಣಿ, ಸೌನಾ ಎಂಬ ಬಿಸಿ ಹಬೆಯ ಕೋಣೆ, ಸೊಳ್ಳೆ, ಬ್ಲೂಬೆರಿ ತಿಂದು ನೀಲಿಯಾದ ನಾಲಿಗೆ.

ಇನ್ನೊಂದು ಬಗೆಯ ಪುಸ್ತಕಗಳೂ ಅಲ್ಲಿ ರಾಶಿ ರಾಶಿ ಇವೆ. ಅವುಗಳಲ್ಲಿ ಸಾಹಸ ಅನ್ನುವಂಥದ್ದೇನೂ ನಡೆಯುವುದಿಲ್ಲ. ಮಗು ಮಳೆ ಕೋಟು ಹಾಕಿಕೊಳ್ಳುತ್ತದೆ, ಡೇಕೇರ್‌ಗೆ ಹೋಗುತ್ತದೆ, ಹಟ ಮಾಡುತ್ತದೆ, ಮಲಗುತ್ತದೆ. ಅಷ್ಟೇ. ಇವೆರಡೂ ಬೇರೆ ಬೇರೆ ದಾರಿಯ ಪುಸ್ತಕಗಳು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಎರಡರ ಹಿಂದೆಯೂ ಇರುವುದು ಒಂದು ದೇಶ ಹಳ್ಳಿ ಬಿಟ್ಟು ಪೇಟೆಗೆ ಬಂದ ಕತೆ.

ಮೊದಲು ಹೀಗಿರಲಿಲ್ಲ. ಫಿನ್ಲೆಂಡಿನ ಮಕ್ಕಳ ಸಾಹಿತ್ಯದ ಹಿರಿಯಜ್ಜ ಅಂದರೆ ಸಕಾರಿಯಾಸ್ ಟೊಪೇಲಿಯುಸ್. ಬರೆದದ್ದು ಸ್ವೀಡಿಷ್‌ನಲ್ಲಿ, ಏಕೆಂದರೆ ಆಗ ಓದುಬರಹ ಬಲ್ಲ ಮೇಲ್ವರ್ಗದ ಭಾಷೆ ಅದೇ. 1865ರಿಂದ 1896ರವರೆಗೆ ಮಕ್ಕಳಿಗಾಗಿಯೇ ಎಂಟು ಸಂಪುಟ ತಂದರು. ಅವುಗಳಲ್ಲಿ ಬೇಸಿಗೆ ಇದೆ, ಕಾಡು ಇದೆ. ಆದರೆ ಪಕ್ಕದಲ್ಲೇ ದೇವರು, ದೇಶ, ಒಳ್ಳೆಯ ನಡತೆಯೂ ಕೂತಿರುತ್ತವೆ. ಆಮೇಲೆ ಬಂದ ಕಲಾವಿದ ರುಡಾಲ್ಫ್ ಕೊಯಿವು ರಾಜಕುಮಾರಿಯರನ್ನೂ ಮಾಯಾಲೋಕವನ್ನೂ ಬಹಳ ಚೆಂದಕ್ಕೆ ಬರೆದರು. ಅವರ ಹೆಸರಿನ ಚಿತ್ರ ಬಹುಮಾನ ಇವತ್ತಿಗೂ ಇದೆ.

ನಿತ್ಯದ ಬದುಕು ಚಿತ್ರವಾಗಿ ಮನೆಮನೆಗೆ ಬಂದದ್ದು ಪುಸ್ತಕದ ಮೂಲಕವಷ್ಟೇ ಅಲ್ಲ, ಪತ್ರಿಕೆಯ ಮುಖಪುಟದ ಮೂಲಕವೂ. 1922ರಲ್ಲಿ ಶುರುವಾದ ‘ಕೋಟಿಲಿಯೆಸಿ’ ಎಂಬ ಗೃಹಿಣಿಯರ ಪತ್ರಿಕೆಗೆ ಮಾರ್ತಾ ವೆಂಡೆಲಿನ್ ವರ್ಷಗಟ್ಟಲೆ ಮುಖಪುಟ ಬರೆದರು. ಬರಿಗಾಲ ಮಕ್ಕಳು, ಅಂಗಳ, ಬಿಸಿಲು. ಅವರ ಕೈಯಲ್ಲಿ ಹಳ್ಳಿಯ ಬೇಸಿಗೆ ಸ್ವಲ್ಪ ಸಕ್ಕರೆ ಬೆರೆತೇ ಬರುತ್ತಿತ್ತು, ನಿಜ. ಆದರೂ ಬಹಳ ಜನರ ಕಣ್ಣಲ್ಲಿ ನಿಂತದ್ದು ಅದೇ ಬೇಸಿಗೆ.

ಅಷ್ಟರಲ್ಲಿ ಯುದ್ಧ ಬಂತು. 1939ರಿಂದ 1944ರ ನಡುವೆ ಸುಮಾರು 70,000 ಮಕ್ಕಳನ್ನು ಸ್ವೀಡನ್ನಿಗೆ ಕಳಿಸಿದರು. ಕುತ್ತಿಗೆಗೆ ಹೆಸರಿನ ಚೀಟಿ ಕಟ್ಟಿ, ಅಪ್ಪ ಅಮ್ಮ ಇಲ್ಲದೆ. ಪೂರ್ವದ ಕರೇಲಿಯಾ ಪ್ರಾಂತ್ಯದ ಬಹುಭಾಗ ಸೋವಿಯತ್ ಪಾಲಾದಾಗ 4 ಲಕ್ಷಕ್ಕೂ ಹೆಚ್ಚು ಜನ ಮನೆ, ಗದ್ದೆ ಬಿಟ್ಟು ಬಂದರು. ಹೆಲ್ಸಿಂಕಿಯ ಲೇಖಕಿ, ಚಿತ್ರಕಾರ್ತಿ ಟೂವೆ ಯಾನ್ಸನ್ ಮೂಮಿನ್‌ಗಳೆಂಬ ದಪ್ಪ ಮೂತಿಯ ಕಾಲ್ಪನಿಕ ಜೀವಿಗಳ ಮೊದಲ ಕತೆ ಬರೆಯತೊಡಗಿದ್ದು 1939ರ ಆ ಯುದ್ಧದ ಚಳಿಗಾಲದಲ್ಲೇ. ಅಚ್ಚಾದದ್ದು 1945ರಲ್ಲಿ. ಕಳೆದುಹೋದ ಅಪ್ಪನನ್ನು ಹುಡುಕಿಕೊಂಡು ಹೊರಟ ತಾಯಿ ಮಗನ ಕತೆ ಅದು. ಬೇಸಿಗೆಯಷ್ಟು ಬೆಚ್ಚಗಿನ ಜಾಗ ಸಿಕ್ಕ ಮೇಲೆ ಮನೆ ಹೂಡುತ್ತಾರೆ. ಆ ಕಾಲದಲ್ಲಿ ಅದನ್ನು ಓದಿದವರಿಗೆ ಬಿಡಿಸಿ ಹೇಳಬೇಕಿತ್ತೇ?

ಯಾನ್ಸನ್ ಅವರ ಮೊದಲ ಮೂಮಿನ್ ಚಿತ್ರಪುಸ್ತಕ ಬಂದದ್ದು 1952ರಲ್ಲಿ. ಕತೆಯ ಎಳೆ ಕೇಳಿದರೆ ನಗು ಬರುತ್ತದೆ. ಮೂಮಿನ್ ಮರಿ ಹಾಲು ತೆಗೆದುಕೊಂಡು ಕಾಡಿನೊಳಗಿಂದ ಮನೆಗೆ ಬರಬೇಕು. ನಾವೂ ಚಿಕ್ಕವರಿದ್ದಾಗ ಮಾಡಿದ ಕೆಲಸವೇ ಅಲ್ವಾ? ಮಜಾ ಇರುವುದು ಪುಟದಲ್ಲಿ. ಪ್ರತಿ ಪುಟದಲ್ಲೂ ಒಂದು ತೂತು ಕತ್ತರಿಸಿದ್ದಾರೆ. ಆ ತೂತಿನಲ್ಲಿ ಮುಂದಿನ ಪುಟದ ಚೂರು ಕಾಣುತ್ತದೆ. ಅಲ್ಲೇನೋ ಇದೆ ಅಂದುಕೊಂಡು ಮಗುಚಿದರೆ ಬೇರೆಯೇ ಇರುತ್ತದೆ. ಹಿಂದೆ ತಿರುಗಿ ನೋಡಿದರೆ ಬಂದ ದಾರಿಯೂ ತೂತಿನಲ್ಲಿ ಕಾಣುತ್ತದೆ. ಅಂತೂ ಮನೆ ಮುಟ್ಟುವ ಹೊತ್ತಿಗೆ ಹಾಲು ಹುಳಿಯಾಗಿರುತ್ತದೆ. ಅಮ್ಮ ಬೈಯುವುದಿಲ್ಲ, ಇನ್ನು ಮುಂದೆ ಶರಬತ್ತು ಕುಡಿಯೋಣ ಅನ್ನುತ್ತಾಳೆ. ಟೊಪೇಲಿಯುಸ್ ಕಾಲದ ಪುಸ್ತಕವಾಗಿದ್ದರೆ ಇಲ್ಲೊಂದು ನೀತಿ ಬಂದೇ ಬರುತ್ತಿತ್ತು.

ಇನ್ನೊಂದು ಮಾತು. ಮೂಮಿನ್‌ಗಳು ನವೆಂಬರಿನಿಂದ ಏಪ್ರಿಲ್‌ವರೆಗೆ ನಿದ್ದೆ ಹೋಗುತ್ತವೆ. ಹಾಗಾಗಿ ಅವುಗಳ ಲೋಕದಲ್ಲಿ ಹೆಚ್ಚುಕಡಿಮೆ ಬೇಸಿಗೆಯೇ ನಡೆಯುತ್ತಿರುತ್ತದೆ. ಒಂದು ಮೂಮಿನ್ ಅರ್ಧಕ್ಕೆ ಎಚ್ಚರಗೊಂಡು ಹಿಮ ನೋಡಬೇಕಾದರೆ 1957ರವರೆಗೆ ಕಾಯಬೇಕಾಯಿತು.

ಇಷ್ಟಾದರೂ ಫಿನ್ಲೆಂಡ್ ಆಗಿನ್ನೂ ರೈತರ ದೇಶವೇ. ಅದು ಬದಲಾದದ್ದು 1960–70ರ ದಶಕಗಳಲ್ಲಿ, ಅದೂ ಭಯಂಕರ ವೇಗದಲ್ಲಿ. ಕಾಡಿನ ಕೆಲಸಕ್ಕೆ ಯಂತ್ರ ಬಂತು, ಸಣ್ಣ ಹಿಡುವಳಿಯಿಂದ ಹೊಟ್ಟೆ ತುಂಬಲಿಲ್ಲ. ಜನ ದಕ್ಷಿಣದ ಪೇಟೆಗಳಿಗೆ ಬಂದರು. 1969 ಮತ್ತು 1970, ಈ ಎರಡೇ ವರ್ಷದಲ್ಲಿ ಸುಮಾರು 80,000 ಜನ ಕೆಲಸಕ್ಕಾಗಿ ಸ್ವೀಡನ್ನಿಗೆ ಹೋದರು. ಪೇಟೆಯಂಚಿನಲ್ಲಿ ಕಾಂಕ್ರೀಟಿನ ಬಡಾವಣೆಗಳೆದ್ದವು. ಅಮ್ಮಂದಿರೂ ದುಡಿಯಲು ಹೊರಟರು. 1973ರಲ್ಲಿ ಡೇಕೇರ್ ಕಾನೂನು ಬಂತು. ಆದರೂ ಎಲ್ಲರಿಗೂ ಜಾಗ ಸಾಲಲಿಲ್ಲ. ಶಾಲೆ ಮುಗಿಸಿ ತಾವೇ ಬೀಗ ತೆಗೆದು ಖಾಲಿ ಫ್ಲ್ಯಾಟ್ ಹೊಕ್ಕ ಮಕ್ಕಳಿಗೆ ‘ಅವೈನ್‌ಲಪ್ಸಿ’ ಅಂತ ಹೆಸರು ಬಿತ್ತು, ಬೀಗದ ಕೈ ಮಗು ಅಂತ. ಒಂದು ತಲೆಮಾರಿನ ಹಿಂದೆ ಕುತ್ತಿಗೆಯಲ್ಲಿ ಹೆಸರಿನ ಚೀಟಿ. ಈಗ ದಾರಕ್ಕೆ ಕಟ್ಟಿದ ಬೀಗದ ಕೈ.

ಈ ಮಕ್ಕಳನ್ನು ಪುಸ್ತಕದೊಳಗೆ ಕರೆತಂದವರಲ್ಲಿ ಕಮಿಲ್ಲಾ ಮಿಕ್‌ವಿಟ್ಸ್ ಮುಖ್ಯರು. 1975ರ ಅವರ ‘ಯಾಸನ್’ ಪುಸ್ತಕದ ಹುಡುಗ ಪೇಟೆಯಲ್ಲಿ ಅಮ್ಮನ ಜೊತೆ ಇರುತ್ತಾನೆ. ಅಪ್ಪ ಜೊತೆಗಿಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಾಳೆ. ಇದನ್ನು ದೊಡ್ಡ ದುಃಖ ಮಾಡದೆ, ಹೀಗೂ ಮನೆ ಇರುತ್ತದೆ ಅಂತ ಸುಮ್ನೆ ತೋರಿಸುತ್ತದೆ ಪುಸ್ತಕ. ಅದೇ ಸರಣಿಯಲ್ಲಿ ಯಾಸನ್‌ನ ಬೇಸಿಗೆಯ ಪುಸ್ತಕವೂ ಬಂತು. ಇವು ಅನಿಮೇಷನ್ ಆಗಿ ಟಿವಿಯಲ್ಲೂ ಬಂದವು. ಮುಂದೆ ಮಾಯ್ಕ್ಕಿ ಹಾರ್ಯನ್ನೆ ಅವರ ಮಿಂತು, ಕ್ರಿಸ್ಟೀನಾ ಲೌಹಿ ಅವರ ಐನೋ ಎಂಬ ಪುಟ್ಟ ಹುಡುಗಿಯರು ಇದೇ ದಾರಿ ಹಿಡಿದರು.

ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಮೌರಿ ಕುನ್ನಾಸ್. 1980ರಲ್ಲಿ ಬಂದ ‘ನಾಯಿಗುಡ್ಡದ ಮನೆ’ ಪುಸ್ತಕದಲ್ಲಿ 19ನೇ ಶತಮಾನದ ರೈತಮನೆಯ ತುಂಬ ನಾಯಿಗಳು, ಮನುಷ್ಯರಂತೆ ಬಟ್ಟೆ ತೊಟ್ಟು ಹಳ್ಳಿಯ ಕೆಲಸಗಳನ್ನೆಲ್ಲ ಮಾಡುತ್ತವೆ. ತಮಾಷೆಯಾಗಿದೆ. ಆದರೆ ಬಂದ ಕಾಲ ನೋಡಿ. ಹಟ್ಟಿಯನ್ನೇ ಕಾಣದೆ ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಿಗೆ ಅಜ್ಜ ಅಜ್ಜಿ ಏನು ಮಾಡುತ್ತಿದ್ದರು ಅಂತ ಚಿತ್ರ ಬರೆದು ತೋರಿಸಬೇಕಾಗಿ ಬಂದ ಕಾಲ ಅದು. ಊರು ಬಿಟ್ಟವರು ಕೆರೆ ದಂಡೆಯಲ್ಲಿ ಮೋಕ್ಕಿ ಕಟ್ಟಿಕೊಂಡದ್ದೂ ಇದೇ ದಶಕಗಳಲ್ಲಿ ಜೋರಾಯಿತು. ಸುಮಾರು 55 ಲಕ್ಷ ಜನರ ದೇಶದಲ್ಲಿ ಈಗ 5 ಲಕ್ಷಕ್ಕೂ ಜಾಸ್ತಿ ಬೇಸಿಗೆ ಮನೆಗಳಿವೆ.

ನನ್ನದೊಂದು ತಕರಾರಿದೆ. ಪುಸ್ತಕದ ಬೇಸಿಗೆಯಲ್ಲಿ ಎಲ್ಲರಿಗೂ ಮೋಕ್ಕಿ ಇದ್ದಂತೆ ಕಾಣುತ್ತದೆ. ಹೊರದೇಶದಿಂದ ಬಂದವರ ಮಕ್ಕಳಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನಿಂದ ಎಸ್ಪೋ ನಗರಕ್ಕೆ ಹೋದ ಎಂಜಿನಿಯರುಗಳ ಮಕ್ಕಳ ಮುಮ್ಮೊಲಾ ಹಾಸನದಲ್ಲೋ ಶಿರಸಿಯಲ್ಲೋ ಇರುತ್ತದೆ. ಅಲ್ಲಿನ ರಜೆ ಜೂನ್ ಆರಂಭದಿಂದ ಆಗಸ್ಟ್ ಮಧ್ಯದವರೆಗೆ. ಆಗ ಇಲ್ಲಿ ಜಡಿಮಳೆ, ಮಾವು ಮುಗಿದಿರುತ್ತದೆ.

ಹೊರಗಿನವರ ಕಣ್ಣನ್ನೇ ತಮಾಷೆ ಮಾಡಿದವರು ಐನೋ ಹಾವುಕಾಯಿನೆನ್ ಮತ್ತು ಸಾಮಿ ತೊಯಿವೊನೆನ್. 2003ರಲ್ಲಿ ಅವರ ತಾತು, ಪಾತು ಎಂಬ ಅಣ್ಣತಮ್ಮ ‘ಔಟೊಲಾ’ದಿಂದ ಹೆಲ್ಸಿಂಕಿಗೆ ಬಂದಿಳಿದರು. ಔಟೊಲಾ ಅಂದರೆ ವಿಚಿತ್ರದೂರು. ಮುಮ್ಮೊಲಾದ ಅದೇ ‘ಲಾ’. ಎಲ್ಲರಿಗೂ ಗೊತ್ತಿರುವ ಸಂಗತಿಗಳನ್ನೇ ಇವರು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಬಹಳ ಶ್ರದ್ಧೆಯಿಂದ. ಫಿನ್ಲೆಂಡನ್ನೇ ವಿವರಿಸಲು ಹೊರಟ ಅವರ ಪುಸ್ತಕಕ್ಕೆ 2007ರಲ್ಲಿ ಅಲ್ಲಿನ ಮಕ್ಕಳ ಪುಸ್ತಕಗಳ ದೊಡ್ಡ ಪ್ರಶಸ್ತಿಯಾದ ಫಿನ್‌ಲ್ಯಾಂಡಿಯಾ ಜೂನಿಯರ್ ಬಂತು.

ಈ ಬೇಸಿಗೆ ಪುಸ್ತಕಗಳನ್ನು ಬೇಸಿಗೆಯಲ್ಲಿ ಯಾರು ಓದುತ್ತಾರೆ? ಆಗ ಮಕ್ಕಳು ನೀರಲ್ಲಿರುತ್ತಾರೆ. ಡಿಸೆಂಬರಿನ ಹೆಲ್ಸಿಂಕಿಯಲ್ಲಿ ಮಧ್ಯಾಹ್ನ ಮೂರೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಡೇಕೇರ್‌ನಿಂದ ಬಂದ ಮಗುವಿನ ಒದ್ದೆ ಕೈಗವಸು ಒಣಗಲು ಹಾಕಿ, ದೀಪ ಹಚ್ಚಿ, ಯಾರಾದರೂ ಪಕ್ಕದಲ್ಲಿ ಕೂತು ಪುಟ ತೆರೆಯುತ್ತಾರೆ. ಪುಟದಲ್ಲಿ ದೋಣಿ, ದೋಣಿಯಲ್ಲಿ ಅಜ್ಜಿ. ಮಗು ಮೊದಲು ಎಣಿಸುವುದು ಸೊಳ್ಳೆಗಳನ್ನು.